ಖುಲೆಕಾನಿ ನಡುದಾರಿಯಲ್ಲಿ ಇಳಿದದ್ದು

ದೀಪ ಸ್ವಲ್ಪ ಸಣ್ಣ ಮಾಡಿ. ಆರಿಸಬೇಡಿ... ಸಣ್ಣ ಮಾಡಿದರೆ ಸಾಕು. ಪೂರ್ತಿ ಕತ್ತಲೆಯಲ್ಲಿ ಇದನ್ನು ಹೇಳುವ ಧೈರ್ಯ ನನಗೂ ಇಲ್ಲ.

ಇದು ಯಾರಿಗೋ ಎಲ್ಲೋ ಆದದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಜಿಬುಯಿಲೆ ಇದ್ದಾಳಲ್ಲ, ಬೆಟ್ಟದ ಮೇಲಿನ ಪೊಮರಾಯ್ ಊರಿನ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು... ಅವಳಿಗೆ ಆದದ್ದು. ಅವಳು ಸುಳ್ಳು ಹೇಳುವವಳಲ್ಲ. ಹೇಳುವುದಕ್ಕೆ ಬರುವುದೂ ಇಲ್ಲ. ಚಿಕ್ಕವಳಿದ್ದಾಗ ಸಕ್ಕರೆ ಕದ್ದು ತಿಂದರೆ, ನಾವು ಕೇಳುವ ಮೊದಲೇ ಅಳುತ್ತಾ ನಿಲ್ಲುತ್ತಿದ್ದಳು.

ಒಂದು ಭಾನುವಾರ ರಾತ್ರಿ. ಊರಲ್ಲಿ ಒಬ್ಬನನ್ನು ಮಣ್ಣು ಮಾಡಿ, ಕಡೆಯ ವ್ಯಾನು ಹಿಡಿದು ವಾಪಸು ಬಂದಿದ್ದಳು. ಚಳಿಗಾಲ. ಕರೆಂಟು ತೆಗೆದಿದ್ದರು, ಇಡೀ ಪೊಮರಾಯ್ ಕಪ್ಪಗಿತ್ತು. ಅವಳ ಬಾಡಿಗೆ ಕೋಣೆಗೆ ಕ್ಲಿನಿಕ್ಕಿನ ಹಿಂದಿನ ಕಾಲುದಾರಿಯಲ್ಲೇ ಹೋಗಬೇಕು. ಅಲ್ಲೊಂದು ಕಾಡು ಅತ್ತಿಮರ, ಬುಡದಲ್ಲಿ ಕೈಪಂಪಿನ ಬೋರ್‌ವೆಲ್. ಗಾಳಿ ಬೀಸಿದರೆ ಪಂಪಿನ ಹಿಡಿ ಕಿರ್ರ್... ಅನ್ನುತ್ತದೆ. ಆ ಸದ್ದು ಅವಳಿಗೆ ರೂಢಿ. ಆವತ್ತು ಗಾಳಿಯೇ ಇರಲಿಲ್ಲ. ಪಂಪು ಸುಮ್ಮನಿತ್ತು.

ಆದರೂ ಒಂದು ಸದ್ದು.

ಕುರ್ರ್... ಕುರ್ರ್. ಆಮೇಲೆ ಸುಯ್ಯ್ ಅಂತ ಒಂದು ಸಣ್ಣ ಫ್ಯಾನು. ಆಮೇಲೆ ಏನೂ ಇಲ್ಲ. ಅವಳು ಅತ್ತಿಮರದ ಕೆಳಗೇ ನಿಂತಳು. ಸ್ವಲ್ಪ ಹೊತ್ತು... ಮತ್ತೆ ಕುರ್ರ್, ಕುರ್ರ್. ಸುಯ್ಯ್. ಮತ್ತೆ ಮೌನ.

ಕ್ಲಿನಿಕ್ಕಿನ ಕಿಟಕಿಯಲ್ಲಿ ಸಣ್ಣದೊಂದು ಹಸಿರು ದೀಪ ಮಿಣುಕುತ್ತಿತ್ತು. ಬ್ಯಾಟರಿಯ ಮೇಲೆ ಓಡುವ ಹೊಸ ಕಂಪ್ಯೂಟರು ಅದು, ಎರಡು ದಿನದ ಹಿಂದೆ ಅವಳೇ ಸಿದ್ಧಮಾಡಿ ಇಟ್ಟದ್ದು. ಕೆಲಸವಿಲ್ಲದಾಗ ಅದು ನಿದ್ದೆ ಮಾಡುತ್ತದೆ. ಯಾರಾದರೂ ಒಳಗೆ ಬಂದರೆ ಮಾತ್ರ ಎದ್ದು ಹಾಗೆ ಗುರುಗುಟ್ಟುತ್ತದೆ. ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಅಂದರೆ ನೆಟ್ಟಿನ ಮೂಲಕ ದೂರದಿಂದ ಬರಬೇಕು. ದೂರದಿಂದ ಬರುವ ಬಾಗಿಲಿಗೆ ಇದ್ದದ್ದು ಒಬ್ಬನದೇ ಕೀಲಿ.

ಅವನ ಹೆಣದ ಪೆಟ್ಟಿಗೆಯ ಮೇಲೆ ಅವಳು ಅವತ್ತು ಬೆಳಗ್ಗೆ ತಾನೇ ಮಣ್ಣು ಹಾಕಿ ಬಂದಿದ್ದಳು.

ತಾಳಿ, ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ. ಸತ್ತವನು ಖುಲೆಕಾನಿ, ಹೊಳೆಯ ಆಚೆ ದಡದ ಮಾಜೊಂಡಿ ಅನ್ನುವವಳ ಕಿರಿಯ ಮಗ. ಜಿಬುಯಿಲೆಯೂ ಅವನೂ ಒಟ್ಟಿಗೆ ಆಡು ಕಾಯ್ದವರು. ಅವನು ಜೋಹಾನ್ಸ್‌ಬರ್ಗಿಗೆ ಹೋಗಿ ಕಂಪ್ಯೂಟರ್ ಕೆಲಸ ಕಲಿತ, ಇವಳಿಗೂ ಕಲಿಸಿದ. ಅವರಿಬ್ಬರ ನಡುವೆ ಇನ್ನೇನಿತ್ತು ಅಂತ ನಾನು ಕೇಳಿಲ್ಲ. ನೀವೂ ಕೇಳಬೇಡಿ.

ಹೊಸ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕುವುದು ಅಂತಾರಲ್ಲ, ಆಗ ಅದು ಹೊಸ ಸೊಸೆಯ ಹಾಗೆ ಒಂದೊಂದೇ ಕೇಳುತ್ತದಂತೆ. ಯಾವ ಭಾಷೆ? ಯಾವ ಊರಿನ ಗಡಿಯಾರ? ಯಜಮಾನರ ಹೆಸರೇನು? ನಡುವೆ ಒಂದು ಕೇಳುತ್ತದೆ: ದೂರದಲ್ಲಿರುವವರು ಸುರಕ್ಷಿತವಾಗಿ ಲಾಗಿನ್ ಆಗಲು ಬಾಗಿಲು ಇಡಬೇಕೆ? ಪಕ್ಕದಲ್ಲಿ ಒಂದು ಖಾಲಿ ಚೌಕ. ಗುರುತು ಹಾಕಿದರೆ ಬಾಗಿಲುಂಟು, ಹಾಕದಿದ್ದರೆ ಇಲ್ಲ. ಹಾಕಿದರೆ ಯಾರ ಕೀಲಿ ಅಂತ ಹೆಸರು ಕೇಳುತ್ತದೆ. ಜಿಬುಯಿಲೆ ಯಾವ ಯಂತ್ರ ಸಿದ್ಧಮಾಡಿದರೂ ಗುರುತು ಹಾಕಿ ಖುಲೆಕಾನಿಯ ಹೆಸರು ಕೊಡುತ್ತಿದ್ದಳು. ಏನು ಕೆಟ್ಟರೂ ಅವನು ಅಲ್ಲಿ ಕೂತೇ ಇಲ್ಲಿಗೆ ಬಂದು ಸರಿ ಮಾಡುತ್ತಿದ್ದ.

ಅಂಥವನು ಎದೆ ಕಟ್ಟಿ, ಜೋಹಾನ್ಸ್‌ಬರ್ಗಿನ ಒಂದು ಆಸ್ಪತ್ರೆಯಲ್ಲಿ ಹೋಗಿಬಿಟ್ಟ.

ಹೆಣವನ್ನು ಹೆಣದ ಗಾಡಿಯವರು ತರುತ್ತಾರೆ. ಆದರೆ ಸತ್ತವನನ್ನು ತರಬೇಕಾದವರು ಮನೆಯವರು. ಉಮ್ಫಾಫಾ ಮುಳ್ಳುಮರದ ಕೊಂಬೆ ಹಿಡಿದು, ಅವನು ಉಸಿರು ಬಿಟ್ಟ ಹಾಸಿಗೆಯ ಹತ್ತಿರ ನಿಂತು, ಹೆಸರು ಹಿಡಿದು ಕರೆಯಬೇಕು. ಆಮೇಲೆ ದಾರಿಯುದ್ದಕ್ಕೂ ಹೇಳುತ್ತಾ ಬರಬೇಕು. ಈಗ ಗಾಡಿ ಹತ್ತುತ್ತಿದ್ದೇವೆ... ಈಗ ಹೊಳೆ ಬಂತು... ಹೇಳದಿದ್ದರೆ ಅವನಿಗೆ ದಾರಿ ತಿಳಿಯದು. ಕೊಂಬೆ ಹಿಡಿದವನು ಅವನ ಜೊತೆಯಲ್ಲದೆ ಬದುಕಿದ್ದ ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಆಡಿದನೋ, ಸತ್ತವನು ಅಲ್ಲೇ ಇಳಿದುಬಿಡುತ್ತಾನೆ.

ಈ ಕೆಲಸ ಬಿದ್ದದ್ದು ಅವನ ಅಣ್ಣ ವೆಲಾಫಿಯ ತಲೆಗೆ. ನಮ್ಮ ಸೀಮೆಯಲ್ಲೇ ದೊಡ್ಡ ಬಾಯಿ. ಸುಮ್ಮನೆ ಕೂತಿದ್ದಾನೆ ಅಂದರೆ ಜ್ವರ ಬಂದಿದೆ ಅಂತಲೇ ಅರ್ಥ. ಆದರೆ ಮನೆಯಲ್ಲಿ ಬೇರೆ ಗಂಡಸು ಇರಲಿಲ್ಲ. ಪಾಪ, ಜೋಹಾನ್ಸ್‌ಬರ್ಗಿನಿಂದ ಪೊಮರಾಯ್‌ವರೆಗೆ ತುಟಿ ಕಚ್ಚಿಕೊಂಡೇ ಬಂದ. ಶುಕ್ರವಾರ ಸಂಜೆ ಕ್ಲಿನಿಕ್ಕಿನ ಗೇಟಿನಲ್ಲಿ ಇಳಿದ. ಅಲ್ಲಿಂದ ಕೆಳಗೆ, ಕಣಿವೆಯ ಮನೆಗೆ, ಜಿಬುಯಿಲೆ ಕ್ಲಿನಿಕ್ಕಿನ ಪಿಕಪ್ಪಿನಲ್ಲಿ ಬಿಡುವುದು ಅಂತ ಮಾತಾಗಿತ್ತು.

ಅವಳು ಆ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ವೆಲಾಫಿಯಣ್ಣ, ಒಂದೈದು ನಿಮಿಷ. ಇದೊಂದು ಮುಗಿಸ್ಬಿಡ್ತೀನಿ. ಸೋಮವಾರ ಬೆಳಗ್ಗೆ ರೋಗಿಗಳು ಬಂದ್ರೆ ಇದು ನಡೀತಿರ್ಬೇಕು, ಇಲ್ದಿದ್ರೆ ಸಿಸ್ಟರ್ ನನ್ನ ಸುಮ್ನೆ ಬಿಡಲ್ಲ."

ಅವನು ತಲೆಯಾಡಿಸಿದ. ಬಿಳಿ ಬಟ್ಟೆ ಸುತ್ತಿದ ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಕೊಂಬೆಗೆ ಪಿಸುಗುಟ್ಟಿದ: "ತಮ್ಮಾ, ಸ್ವಲ್ಪ ಕೂತಿದೀವಿ. ಈಗ ಹೊರಡ್ತೀವಿ." ಎಲ್ಲಿ ಕೂತಿದ್ದೇವೆ ಅಂತ ಹೇಳಲಿಲ್ಲ.

ಪರದೆಯ ಮೇಲೆ ಆ ಪ್ರಶ್ನೆ ಬಂತು. ದೂರದಲ್ಲಿರುವವರಿಗೆ ಬಾಗಿಲು ಇಡಬೇಕೆ?

ಜಿಬುಯಿಲೆಯ ಕೈ ನಿಂತಿತು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯ ಮುಂದೆ ಅವಳು ಯೋಚಿಸಿದ್ದೇ ಇಲ್ಲ. ಯಾರಿಗೂ ಅಲ್ಲ, ತನಗೆ ತಾನೇ ಅಂದುಕೊಂಡಳು: "ಹಾಕ್ಲಾ... ಬೇಡ್ವಾ..."

"ಹಾಕು ತಂಗಿ. ಯಾವಾಗ್ಲೂ ಹಾಕ್ತಿದ್ದೆ ತಾನೇ."

ವೆಲಾಫಿ.

ಇಬ್ಬರೂ ಕಲ್ಲಾದರು. ಅವನು ಬಾಯಿಗೆ ಕೈ ಅಡ್ಡ ಹಿಡಿದ. ಹಿಡಿದರೆ ಏನು ಬಂತು, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಜಿಬುಯಿಲೆಯ ಕೈ ರೂಢಿಯ ಮೇಲೆ ತಾನೇ ಗುರುತು ಹಾಕಿತು, ತಾನೇ ಖುಲೆಕಾನಿಯ ಹೆಸರು ಕೊಟ್ಟಿತು. ಯಂತ್ರ ಒಮ್ಮೆ ಕುರ್ರ್ ಅಂದಿತು.

ಪಿಕಪ್ಪಿನಲ್ಲಿ ಕಣಿವೆ ಇಳಿಯುವಾಗ ಅವನು ಕೊಂಬೆಗೆ ಹೇಳುತ್ತಲೇ ಇದ್ದ. ತಮ್ಮಾ ಬೆಟ್ಟ, ತಮ್ಮಾ ಸೇತುವೆ... ಆದರೆ ಆ ದನಿಗೆ ಆಕಡೆಯಿಂದ ಯಾರೂ ಕಿವಿಗೊಟ್ಟ ಹಾಗಿರಲಿಲ್ಲವಂತೆ. ಮನೆ ಮುಟ್ಟುವ ಮೊದಲು, ಮಾತಿಲ್ಲದೆಯೇ, ಇಬ್ಬರೂ ಇದನ್ನು ಮುಚ್ಚಿಡುವುದು ಅಂತ ಒಪ್ಪಿಕೊಂಡರು.

ಮಾಜೊಂಡಿ ಕೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗುಡಿಸಲಿನ ಒಳಮೂಲೆಗೆ, ತೀರಿಹೋದ ಹಿರಿಯರ ಜಾಗಕ್ಕೆ ಒಯ್ದಳು. ಬಹಳ ಹೊತ್ತು ಅಲ್ಲೇ ಕೂತಿದ್ದಳು. ಆಮೇಲೆ ಹೊರಗೆ ಬಂದು ಮಗನ ಮುಂದೆ ನಿಂತಳು.

"ವೆಲಾಫಿ, ದಾರೀಲಿ ಯಾರ ಜೊತೆಗಾದ್ರೂ ಮಾತಾಡಿದ್ಯಾ?"

"ಇಲ್ಲಮ್ಮ."

"ಹಾಗಾದ್ರೆ ನನ್ನ ಮಗ ಎಲ್ಲಪ್ಪ?"

ಅವಳು ಮತ್ತೆ ಕೇಳಲಿಲ್ಲ. ಭಾನುವಾರ ಮಣ್ಣಾಯಿತು. ಬಂದವರೆಲ್ಲ ಉಂಡರು, ಹಾಡಿದರು, ಹೋದರು. ಮಾಜೊಂಡಿ ತುತ್ತು ಮುಟ್ಟಲಿಲ್ಲ. ಎರಡು ತಟ್ಟೆ ಬಡಿಸಿಟ್ಟುಕೊಂಡು, ಎರಡನ್ನೂ ಹಾಗೇ ಎತ್ತಿಟ್ಟಳು.

ಈಗ ಆ ರಾತ್ರಿಗೆ ಬನ್ನಿ. ಅತ್ತಿಮರದ ಕೆಳಗೆ ಜಿಬುಯಿಲೆ.

ನಾನಾಗಿದ್ದರೆ ಓಡುತ್ತಿದ್ದೆ. ಅವಳು ಬೀಗ ತೆಗೆದು ಒಳಗೆ ಹೋದಳು. ಮಾತ್ರೆಯ ವಾಸನೆ, ಫಿನೈಲು ವಾಸನೆ. ಫೋನಿನ ಬೆಳಕಿನಲ್ಲಿ ಪರದೆ ತೆರೆದಳು. ಯಾರು ಬಂದರು, ಯಾರು ಹೋದರು ಅಂತ ಯಂತ್ರ ತಾನೇ ಬರೆದಿಡುತ್ತದೆ. ಖುಲೆಕಾನಿ ಒಳಗೆ ಬಂದ. ಖುಲೆಕಾನಿ ಹೊರಗೆ ಹೋದ. ಒಳಗೆ ಬಂದ. ಹೊರಗೆ ಹೋದ. ಪರದೆ ತುಂಬ ಅದೇ. ಶುಕ್ರವಾರ ರಾತ್ರಿಯಿಂದ.

ಒಳಗೆ ಬಂದವನು ಏನೂ ಮುಟ್ಟಿರಲಿಲ್ಲ. ಪ್ರತಿ ಸಲವೂ ಒಂದೇ ಒಂದು ಆಜ್ಞೆ ಕೊಟ್ಟಿದ್ದ. ಮೂರೇ ಅಕ್ಷರದ್ದು, ಈ ಕೆಲಸದವರು ಮೊಟ್ಟಮೊದಲು ಕಲಿಯುವಂಥದ್ದು. ಅದರ ಅರ್ಥ ಇಷ್ಟೇ: ನಾನೀಗ ಎಲ್ಲಿದ್ದೇನೆ?

ಯಂತ್ರ ತನ್ನ ಭಾಷೆಯಲ್ಲಿ ಏನೋ ಉತ್ತರ ಕೊಡುತ್ತದೆ. ಅದು ಅವನಿಗೆ ಮನೆಯಲ್ಲ. ಹೋಗುತ್ತಾನೆ. ಮತ್ತೆ ಬರುತ್ತಾನೆ. ನಾನೀಗ ಎಲ್ಲಿದ್ದೇನೆ?

ಅವಳು ನೋಡುತ್ತಿದ್ದಂತೆಯೇ... ಕುರ್ರ್. ಹೊಸ ಸಾಲು ಬಂತು. ಖುಲೆಕಾನಿ ಒಳಗೆ ಬಂದ.

"ಖುಲೆ," ಅಂದಳಂತೆ, ಬರೀ ಉಸಿರಿನಲ್ಲಿ. ಫ್ಯಾನು ಸುಯ್ಯ್ ಅಂದಿತು. ಆಗ ಓಡಿದಳು. ಬೀಗ ಹಾಕುವುದನ್ನೂ ಮರೆತು ಓಡಿದಳು.

ಬೆಳಗಾದ ಮೇಲೆ ಬುದ್ಧಿ ಬರುತ್ತದಲ್ಲ. ಅವನ ಲ್ಯಾಪ್‌ಟಾಪು ಯಾರೋ ಕದ್ದಿರಬೇಕು, ಕೀಲಿ ಅದರಲ್ಲೇ ಇರುತ್ತದೆ, ಕಳ್ಳ ಆಟ ಆಡುತ್ತಿದ್ದಾನೆ ಅಂತ ಲೆಕ್ಕ ಹಾಕಿದಳು. ವೆಲಾಫಿಗೆ ಫೋನು ಮಾಡಿದಳು.

"ಅಣ್ಣ, ಅವನ ಲ್ಯಾಪ್‌ಟಾಪ್ ಎಲ್ಲಿದೆ?"

"ಟ್ರಂಕಿನಲ್ಲಿ. ಅಮ್ಮ ಆ ಟ್ರಂಕಿಗೆ ತಲೆ ಕೊಟ್ಕೊಂಡೇ ಮಲಗ್ತಾಳೆ. ಯಾಕೆ?"

"ಸುಮ್ನೆ."

ಸೋಮವಾರ ರಾತ್ರಿ ಎಲ್ಲರೂ ಹೋದ ಮೇಲೆ, ನೆಟ್ಟಿನ ತಂತಿಯನ್ನೇ ಕಿತ್ತಳು. ಕಿತ್ತ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತಳು. ಈಗ ಆ ಯಂತ್ರಕ್ಕೆ ಹೊರಗಿನ ಸಂಬಂಧವೇ ಇಲ್ಲ. ಬರುವವನು ಹೇಗೆ ಬರುತ್ತಾನೆ?

ಕುರ್ರ್... ಕುರ್ರ್.

ತಂತಿ ಅವಳ ಕೈಯಲ್ಲೇ ಇತ್ತು.

ಭಯ ಆಗ ಹೋಯಿತು ಅನ್ನುತ್ತಾಳೆ ಅವಳು. ಅಳು ಬಂತಂತೆ. ಸಂತೆಯಲ್ಲಿ ಕೈ ತಪ್ಪಿದ ಮಗು, ಹೋದವರು ಬಂದವರನ್ನೆಲ್ಲ ಕೇಳುತ್ತದಲ್ಲ... ಅವನು ಹಾಗೆ ಕೇಳುತ್ತಿದ್ದ. ಉತ್ತರ ಹೇಳಬೇಕಾದವರು ಮನೆಯವರು, ಕೊಂಬೆ ಹಿಡಿದವರು. ಅವಳು ಹೇಳಿದರೆ ಕೇಳಿಸುವುದಿಲ್ಲ. ಬೆಳಗಿನವರೆಗೂ ಕೂತೇ ಇದ್ದಳು, ಅವನ ಜೊತೆಗೆ.

ಹಾಗೇ ಮೇಜಿನ ಮೇಲೆ ನಿದ್ದೆ ಹೋಗಿದ್ದವಳನ್ನು ಎಬ್ಬಿಸಿದ್ದು ಕ್ಲಿನಿಕ್ಕಿನ ಯಜಮಾನಿ, ಸಿಸ್ಟರ್ ಸಿಬಿಯಾ. ಆಕೆಯ ಕಣ್ಣು ಪರದೆಯ ಮೇಲಿತ್ತು.

"ಏನಮ್ಮ ಇದು? ಮೊನ್ನೆ ತೀರಿಕೊಂಡ ಹುಡುಗನ ಹೆಸರಲ್ವಾ?"

ಜಿಬುಯಿಲೆ ಎಲ್ಲ ಹೇಳಿಬಿಟ್ಟಳು. ಹೇಳಿದೆನಲ್ಲ, ಅವಳಿಗೆ ಮುಚ್ಚಿಡಲು ಬರುವುದಿಲ್ಲ. ಸಿಸ್ಟರ್ ಬಾಗಿಲು ಮುಂದಕ್ಕೆ ಹಾಕಿ, ದನಿ ತಗ್ಗಿಸಿ ಮಾತಾಡಿದಳು.

"ನೋಡು, ಊರಿನವರ ಗುಟ್ಟಿನ ಕಾಯಿಲೆಗಳೆಲ್ಲ ಇದರೊಳಗಿದಾವೆ. ಬರೋನು ಕಳ್ಳನೋ, ಹಿರಿಯರೋ... ನಾನು ಹ್ಯಾಗೆ ಬಿಟ್ಕೊಂಡಿರ್ಲಿ? ನಾಳೆ ಸಾಯಂಕಾಲದವರೆಗೆ ಟೈಮ್ ಕೊಡ್ತೀನಿ. ಎಲ್ಲ ಅಳಿಸು. ಮೊದಲಿಂದ ಹಾಕು. ಅದು ಬಾಗಿಲು ಬೇಕಾ ಅಂತ ಕೇಳಿದಾಗ ಬೇಡ ಅನ್ನು."

"ಅಳಿಸಿದ್ರೆ ಅವನು ಎಲ್ಲಿಗೆ ಹೋಗ್ತಾನೆ ಸಿಸ್ಟರ್?"

ಸಿಸ್ಟರ್ ಮತ್ತೆ ಬಾಗಿಲು ತೆರೆದಳು. "ಅದಕ್ಕೇ ನಾಳೆ ಸಾಯಂಕಾಲ ಅಂದೆ," ಅಂದಳು.

ಅವತ್ತೇ ಕತ್ತಲಾಗುವ ಹೊತ್ತಿಗೆ ಜಿಬುಯಿಲೆ ಕಣಿವೆ ಇಳಿದಳು. ವೆಲಾಫಿ ಆಡಿನ ದೊಡ್ಡಿಯ ಹತ್ತಿರ ಕೂತಿದ್ದ. ಆ ದೊಡ್ಡ ಬಾಯಿಯವನು ನಾಲ್ಕು ದಿನದಿಂದ, ಕೇಳಿದ್ದಕ್ಕೆ ಉತ್ತರ ಬಿಟ್ಟರೆ, ತಾನಾಗಿ ಯಾರ ಜೊತೆಯೂ ಮಾತಾಡಿರಲಿಲ್ಲ. ಆಡಬಾರದ ಹೊತ್ತಲ್ಲಿ ಆಡಿದ, ಆಡಬೇಕಾದ ಹೊತ್ತಲ್ಲಿ ಬಾಯಿ ಕಟ್ಟಿತು, ನೋಡಿ. ಅವಳು ಹೇಳಿದ್ದನ್ನು ಕೇಳಿ ಮುಖ ಮುಚ್ಚಿಕೊಂಡ.

"ಅಮ್ಮಂಗೆ ಹೇಳಿದ್ರೆ ನನ್ನ ಮುಖ ನೋಡಲ್ಲ ಕಣೆ ತಂಗಿ."

"ಹೇಳದಿದ್ರೆ ನಾಳೆ ನಾನು ಅವನನ್ನ ಅಳಿಸ್ಬೇಕು ಅಣ್ಣ."

ಅವನು ಎದ್ದ. ಒಳಗೆ ಹೋಗಿ ತಾಯಿಯ ಮುಂದೆ ಮಂಡಿಯೂರಿ ಕೂತು ಹೇಳಿದ. ಜಿಬುಯಿಲೆ ಬಾಗಿಲಲ್ಲೇ ನಿಂತಿದ್ದಳು. ಮಾಜೊಂಡಿ ಬೈಯಲಿಲ್ಲ. ಅಷ್ಟು ದಿನ ಉಪವಾಸವಿದ್ದವಳ ದನಿ, ಕೇಳಿಸಿದರೆ ಕೇಳಿಸಿತು.

"ನಿನ್ನ ಮೇಲೆ ಸಿಟ್ಟು ಆಮೇಲೆ ಮಾಡ್ಕೋತೀನಿ. ಮೊದ್ಲು ಹೋಗಿ ಅವನನ್ನ ಕರ್ಕೊಂಡು ಬಾ."

ಮರುದಿನ ಹೊಸ ಕೊಂಬೆ ಕಡಿದರು. ಮಧ್ಯಾಹ್ನದ ಮೇಲೆ ವೆಲಾಫಿ ಕ್ಲಿನಿಕ್ಕಿನ ಆ ಕೋಣೆಯಲ್ಲಿ, ಯಂತ್ರದ ಎದುರಿಗೆ ನಿಂತ. ಸಿಸ್ಟರ್ ಸಿಬಿಯಾ ಹೊರಗಿನ ರೋಗಿಗಳಿಗೆಲ್ಲ ಸದ್ದು ಮಾಡಬೇಡಿ ಅಂತ ಸನ್ನೆ ಮಾಡಿ, ತಾನೂ ಬಾಗಿಲಿಗೆ ಬಂದು ನಿಂತಳು.

"ಖುಲೆಕಾನಿ," ಅಂದ ವೆಲಾಫಿ. "ಮ್ವೆಲಾಸೆ." ಅದು ಅವರ ಕುಲದ ಹೆಸರು. "ಇದು ಪೊಮರಾಯ್ ಕ್ಲಿನಿಕ್ಕು ಕಣೋ. ಮನೆ ಅಲ್ಲ. ನಾನು ಬಾಯಿ ಬಿಟ್ಟು ನಿನ್ನ ಇಲ್ಲಿ ಇಳಿಸ್ಬಿಟ್ಟೆ. ತಪ್ಪು ನಂದು. ಏಳು, ಹೋಗೋಣ... ಅಮ್ಮ ಇನ್ನೂ ಊಟ ಮಾಡಿಲ್ಲ."

ಕುರ್ರ್... ಅಂದಿತು. ಸುಯ್ಯ್ ಅಂದಿತು. ಫ್ಯಾನಿನ ಸದ್ದು ಸಣ್ಣದಾಗುತ್ತಾ ಆಗುತ್ತಾ ನಿಂತುಹೋಯಿತು. ಜಿಬುಯಿಲೆ ಪರದೆ ನೋಡಿದಳು. ಹೊರಗೆ ಹೋದ. ಅದೇ ಕಡೆಯ ಸಾಲು. ಅದರ ಕೆಳಗೆ ಹೊಸದು ಬರಲಿಲ್ಲ. ಸಿಸ್ಟರ್ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

ಇಲ್ಲಿಯವರೆಗೆ ಹೇಳಿದ್ದು ಜಿಬುಯಿಲೆಯ ಬಾಯಿಂದ ಕೇಳಿದ್ದು. ಇನ್ನು ಹೇಳುವುದು ನಾನು ನೋಡಿದ್ದು.

ಅವತ್ತು ನಾನು ಬಿ.ಪಿ. ಗುಳಿಗೆ ತರಲು ಹೋಗಿದ್ದೆ. ಕೆಳಗೆ ಹೋಗುವ ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಇವರು ಬಂದರು. ನಾನು ಮಾತಾಡಿಸಲು ಬಾಯಿ ತೆರೆದವನು, ಕೊಂಬೆ ನೋಡಿ ಮುಚ್ಚಿಕೊಂಡೆ. ಕ್ಲಿನಿಕ್ಕಿನ ಪಿಕಪ್ಪು ರೋಗಿಯನ್ನು ಕರೆದುಕೊಂಡು ಎಲ್ಲೋ ಹೋಗಿತ್ತಂತೆ.

"ಎಷ್ಟು ಜನ?" ಅಂತ ಡ್ರೈವರು ಕೇಳಿದ.

"ಮೂರು," ಅಂದಳು ಜಿಬುಯಿಲೆ.

ಡ್ರೈವರು ಕೊಂಬೆ ನೋಡಿದ. ಮೂರು ಜನದ ದುಡ್ಡು ತೆಗೆದುಕೊಂಡ, ರೇಡಿಯೊ ಆರಿಸಿದ. ನನ್ನ ಮುಂದಿನ ಸಾಲಿನಲ್ಲಿ ಕಿಟಕಿಗೆ ವೆಲಾಫಿ, ಈ ತುದಿಗೆ ಜಿಬುಯಿಲೆ. ನಡುವಿನ ಸೀಟು ಬಿಟ್ಟರು.

ಹೊರಡುವ ಹೊತ್ತಿಗೆ ಒಬ್ಬ ದಪ್ಪನೆಯ ಹೆಂಗಸು ಹತ್ತಿದಳು. ಡಂಡೀ ಪಟ್ಟಣದ ಕಡೆಯವಳು, ನಮ್ಮವರು ಯಾರೂ ಅವಳಿಗೆ ಗೊತ್ತಿಲ್ಲ. ಒಂದು ಕೈಯಲ್ಲಿ ಕುಂಬಳಕಾಯಿ, ಒಂದು ಕೈಯಲ್ಲಿ ಕಿತ್ತಳೆ ಚೀಲ. ಆ ಸಾಲಿನ ಹತ್ತಿರ ನಿಂತು ನೋಡಿದಳು. "ಇಲ್ಲಿ ತುಂಬಿದೆ," ಅಂತ ಗೊಣಗಿಕೊಂಡು ಹಿಂದೆ ಬಂದು ನನ್ನ ಪಕ್ಕ ಕೂತಳು. ಕೊಂಬೆ ನೋಡಿ ಮರ್ಯಾದೆಗೆ ಹಾಗಂದಳು ಅಂದುಕೊಂಡೆ.

ಗಾಡಿ ಹೊರಟಿತು. ಅವಳು ಕಿತ್ತಳೆ ಹಂಚತೊಡಗಿದಳು. ನನಗೊಂದು ಕೊಟ್ಟಳು. ಮುಂದಕ್ಕೆ ಬ‌ಗ್ಗಿ ಜಿಬುಯಿಲೆಗೊಂದು, ವೆಲಾಫಿಗೊಂದು. ಅವನು ಸುಮ್ಮನೆ ತಗೊಂಡ.

"ಬಾಯಲ್ಲೇನು ಕಡುಬು ತುರುಕ್ಕೊಂಡಿದ್ದೀಯಾ," ಅಂತ ಅವನನ್ನು ಚುಚ್ಚಿ, ಇನ್ನೊಂದು ಹಣ್ಣು ತೆಗೆದಳು. "ತಗೋಪ್ಪ, ನೀನೂ ತಿನ್ನು." ನಡುವಿನ ಸೀಟಿನ ಮೇಲಿನಿಂದ ಕೈ ಇಳಿಸಿದಳು. ಕೈ ಬರಿದಾಗಿ ವಾಪಸು ಬಂತು.

ನಾನು ಮೆಲ್ಲಗೆ ಕತ್ತೆತ್ತಿ ನೋಡಿದೆ. ಖಾಲಿ ಸೀಟು. ಅದರ ಮೇಲೆ ಒಂದು ಕಿತ್ತಳೆ.

ಪೊಮರಾಯಿನಿಂದ ಕೆಳಗಿನ ಇಳಿಜಾರು ನಿಮಗೆ ಗೊತ್ತು. ಮೊದಲ ತಿರುವಿನಲ್ಲೇ ಅವಳ ಕುಂಬಳಕಾಯಿ ಕಾಲ ಕೆಳಗಿಂದ ಜಾರಿ, ಗಡಗಡ ಉರುಳಿ ಡ್ರೈವರಿನ ಹಿಂದಕ್ಕೆ ಹೋಗಿ ಧಡ್ ಅಂತ ಬಡಿಯಿತು. ನನ್ನ ಗುಳಿಗೆ ಪೊಟ್ಟಣವೂ ಹೋಯಿತು. ಕಿತ್ತಳೆ ಹೋಗಲಿಲ್ಲ. ಎಡಕ್ಕೆ ತಿರುವು, ಬಲಕ್ಕೆ ತಿರುವು... ಅದು ಅಲುಗಲಿಲ್ಲ. ನಾನು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದೆ.

"ತಮ್ಮಾ, ಬೆಟ್ಟ ಇಳೀತಿದೀವಿ," ಅಂದ ವೆಲಾಫಿ. ಆಮೇಲೆ, "ತಮ್ಮಾ, ಸೇತುವೆ ಬಂತು. ಥುಕೇಲಾ ಹೊಳೆ ದಾಟ್ತಿದೀವಿ."

ಹೆಂಗಸು ನನ್ನ ಕಿವಿಗೆ ಬಾಯಿಟ್ಟಳು. "ಯಾರಿಗೆ ಹೇಳ್ತಿದಾನೆ?"

"ಅವನ ತಮ್ಮಂಗೆ," ಅಂದೆ.

"ಪಕ್ಕದಲ್ಲೇ ಕೂತಿರೋನಿಗೆ ಅಷ್ಟು ಜೋರಾಗಿ ಯಾಕೆ ಹೇಳ್ಬೇಕು," ಅಂತ ಅವಳು ಸಿಪ್ಪೆ ಸುಲಿಯುತ್ತಾ ಕೂತಳು.

ನಾನು ಮುಂದಿನ ಸೀಟಿಗೆ ತಾಗಿದ್ದ ಮಂಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ.

ಸೇತುವೆ ದಾಟಿ, ಮಾಜೊಂಡಿಯ ಮನೆಯ ಕೆಳಗಿನ ರಸ್ತೆಯಲ್ಲಿ ಗಾಡಿ ನಿಂತಿತು. ಸಮನೆಲ. ಡ್ರೈವರು ಇಂಜಿನ್ನೂ ಆರಿಸಿದ. ಮಾಜೊಂಡಿ ರಸ್ತೆಯ ಅಂಚಿನಲ್ಲಿ ಕರಿ ಶಾಲು ಹೊದ್ದು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ವೆಲಾಫಿ ಕೊಂಬೆ ಹಿಡಿದು ಎದ್ದ.

"ತಮ್ಮಾ, ಇಳಿ. ಮನೆ ಬಂತು."

ಆಗ ಕಿತ್ತಳೆ ಉರುಳಿತು. ನಿಂತ ಗಾಡಿಯಲ್ಲಿ. ಸೀಟಿನ ಅಂಚಿಗೆ ಬಂದು ಥಪ್ ಅಂತ ನೆಲಕ್ಕೆ ಬಿತ್ತು.

ಮಾಜೊಂಡಿ ಕೊಂಬೆ ನೋಡಲಿಲ್ಲ. ವೆಲಾಫಿಯನ್ನೂ ನೋಡಲಿಲ್ಲ. ಗಾಡಿಯ ಬಾಗಿಲಿಗೇ ನೋಡುತ್ತಾ, "ಬಂದ್ಯಾ ಮಗಾ," ಅಂದಳು. "ಬಾ, ಅನ್ನ ಆರಿಹೋಗ್ತಿದೆ." ತಿರುಗಿ ಮುಂದೆ ಮುಂದೆ ನಡೆದಳು. ಅವತ್ತು ರಾತ್ರಿ ಉಂಡಳು.

ನೀವು ನಂಬಿ, ಬಿಡಿ. ಕಿತ್ತಳೆಯನ್ನು ಎತ್ತಿಕೊಂಡವನು ನಾನು. ಚಳಿಗಾಲದ ಸಂಜೆ, ನನ್ನ ಪಾಲಿನ ಹಣ್ಣು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಇದು ಬೆಚ್ಚಗಿತ್ತು. ಈ ಕೈಯಲ್ಲೇ ಹಿಡಿದಿದ್ದೆ, ಬೆಚ್ಚಗಿತ್ತು.